ಒಂದು ಮೊಳದ ತುಂಡು

ಆ ದಿನ ಗುಮಾಸ್ತನ ಗ್ರಹಚಾರ ಕೆಟ್ಟದ್ದು ಮೂವತ್ತು ಗ್ರಾಮಿನಿಂದ.

ಬೆಳಿಗ್ಗೆ ಎದ್ದವನೇ ಒಂದು ಮೊಳದ ಮರದ ತುಂಡನ್ನು ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು, ಪರೀಕ್ಷೆಯ ಫಲಿತಾಂಶ ನೋಡುವವನಂತೆ ಉಸಿರು ಬಿಗಿಹಿಡಿದು ಬಗ್ಗಿದ. ನಿನ್ನೆಗಿಂತ ಮೂವತ್ತು ಗ್ರಾಂ ಹೆಚ್ಚು. ಕನ್ನಡಕ ಒರೆಸಿಕೊಂಡು ನೋಡಿದ. ಮೂವತ್ತೇ.

"ಉಪವಾಸ ಇರೋದು ದಪ್ಪ ಆಗೋದನ್ನ ಎಲ್ಲಾದ್ರೂ ಕಂಡಿದ್ದೀವಾ, ದೇವರೇ?" ಎಂದು ಗೋಡೆಗೆ ಕೇಳಿದ.

ಆ ತುಂಡು ಹಿತ್ತಲ ಮರದ್ದು, ಮರ ಅಪ್ಪ ನೆಟ್ಟದ್ದು. ಅಪ್ಪ ಹೋದ ವರ್ಷವೇ ಅದೂ ಗಾಳಿಗೆ ಉರುಳಿತು. ಅಪ್ಪ ಕಣ್ಣುಮುಚ್ಚಿದ ಮಂಚವನ್ನು ಅಮ್ಮ ಮನೆಯಲ್ಲಿಟ್ಟುಕೊಳ್ಳಲಿಲ್ಲ. ಅಂದಿನಿಂದ ಅವಳಿಗೆ ನೆಲವೇ ಗತಿ. ಬೆಳಗಾದರೆ ಗೋಡೆ ಹಿಡಿದು, ಮಂಡಿ ಹಿಡಿದು, ಮೂರು ಸಲ ಕೂತು ಒಂದು ಸಲ ಏಳುವಳು. ಆ ನರಳಾಟಕ್ಕೇ ಮಗನಿಗೆ ಎಚ್ಚರವಾಗುತ್ತಿತ್ತು. ಅಂಗಡಿಯ ಮಂಚ ಬೇಡವೆಂದಳು. "ಹಾಗಾದ್ರೆ ಅಪ್ಪನ ಮರದ್ದೇ ಮಾಡಿಸ್ತೀನಮ್ಮ" ಎಂದ ಗುಮಾಸ್ತ, ತಾನೇ ಮರ ಕೊಯ್ಯಿಸಿ ಹಲಗೆ ಮಾಡಿಸಿದ. ಹಿತ್ತಲಲ್ಲಿ ಒಂದು ಬಿಸಿಲುಗೂಡು ಕಟ್ಟಿದ: ಇಳಿಜಾರು ಮಾಡಿಗೆ ಬೆಳಕು ತೂರುವ ಹಾಳೆ, ಒಳಗೆಲ್ಲ ಕಪ್ಪು ಬಣ್ಣ, ಬಿಸಿಗಾಳಿ ಆಡಿಸಲು ಫ್ಯಾನು, ತೇವ ಹೊರಹೋಗಲು ಕಿಂಡಿ. ಹಲಗೆಗಳನ್ನು ನಡುನಡುವೆ ಪಟ್ಟಿ ಇಟ್ಟು ಪೇರಿಸಿ, ಡೊಂಕಾಗದಂತೆ ಮೇಲೆ ಕಲ್ಲು ಹೇರಿದ.

ಬಡಗಿ ಒಂದು ಸೂತ್ರ ಹೇಳಿಕೊಟ್ಟಿದ್ದ. "ಅದೇ ಮರದ ಒಂದು ತುಂಡು ಬಾಗಿಲ ಹತ್ರ ಇಟ್ಟಿರಿ. ದಿನಾ ತೂಗಿ. ಮೂರು ದಿನ ತೂಕ ಇಳೀದೆ ನಿಂತ್ರೆ ಎಲ್ಲಾ ಒಣಗಿದೆ ಅಂತ ಲೆಕ್ಕ. ಹಲಗೆ ಮುಟ್ಟಿ ಮುಟ್ಟಿ ನೋಡ್ಬೇಡಿ."

ಗುಮಾಸ್ತ ಮುಟ್ಟಲಿಲ್ಲ. ತುಂಡನ್ನೇ ನಂಬಿದ. ಅದೋ ಒಂದು ದಿನ ಇಳಿಯುವುದು, ಮರುದಿನ ಏರುವುದು. ಏರಿದಾಗಲೆಲ್ಲ ಇವನು ಶಾಖ ಹೆಚ್ಚಿಸಿದ. ಇನ್ನೊಂದು ಫ್ಯಾನು ಬಂತು, ಇನ್ನೊಂದು ಕೈ ಕಪ್ಪು ಬಣ್ಣ ಬಂತು, ಬಿಸಿಲು ತಿರುಗಿಸಲು ತಗಡು ಬಂತು. ಹೀಗೆ ಎರಡು ತಿಂಗಳು. ಇವತ್ತು ಸಂಜೆ ಬಡಗಿ ಬರುವವನಿದ್ದ. ಹಲಗೆ ಒಣಗಿದ್ದರೆ ರಾತ್ರಿಯೇ ಒಯ್ದು ವಾರದಲ್ಲಿ ಮಂಚ ಕಳಿಸುವವನು, ಇಲ್ಲದಿದ್ದರೆ ದೂರದ ಕೆಲಸಕ್ಕೆ ಹೊರಟು ಒಂದು ವರ್ಷ ಮುಖ ತೋರಿಸದವನು.

ಗುಮಾಸ್ತ ರಜೆ ಹಾಕಿ, ತುಂಡನ್ನು ವಾಪಸ್ ಇಡಲೆಂದು ಗೂಡಿನ ಬಾಗಿಲು ತೆಗೆದ. ಒಳಗೆ ಪಕ್ಕದ ಮನೆಯ ಟೀಚರಮ್ಮನ ಎರಡು ಕಂಬಳಿ, ತೊಟತೊಟ ನೀರು ಸುರಿಸುತ್ತ, ಮೀಯಿಸಿದ ಎಮ್ಮೆಗಳ ಹಾಗೆ ತೂಗಾಡುತ್ತಿದ್ದವು.

"ಟೀಚರಮ್ಮ! ಇದೇನಿದು?"

"ಕಂಬಳಿ ಕಣಪ್ಪ," ಬೇಲಿಯಾಚೆಯಿಂದ ಉತ್ತರ ಬಂತು. "ಬಿಸಿಲೇನು ನಿಮ್ಮಪ್ಪನ ಮನೆ ಆಸ್ತೀನಾ? ಒಂದಿನ ಒಗೆದು ಹಾಕಿದ್ದಕ್ಕೆ ಇಷ್ಟು ಕೂಗಾಡ್ತೀಯ!"

"ಒಂದಿನಾನಾ? ಎರಡು ತಿಂಗಳಿಂದ ನನ್ನ ತುಂಡಿನ ತೂಕ ಏರ್ತಿರೋದು ನಿಮ್ಮಿಂದಾನೇ!"

ಅಷ್ಟರಲ್ಲಿ ಹಲಗೆಯ ರಾಶಿಯ ಹಿಂದಿನಿಂದ ಯಾರೋ ಕೆಮ್ಮಿದರು. ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಒಂದು ಟವೆಲ್ ಸುತ್ತಿಕೊಂಡು, ಬಕೆಟಿನ ಮೇಲೆ ಕೂತು, ಆವಿಯಲ್ಲಿ ಬೆಂದ ಬದನೆಕಾಯಿಯಂತೆ ಹೊಳೆಯುತ್ತಿದ್ದರು.

"ಸೊಂಟಕ್ಕೆ ಬಹಳ ಹಿತ ಕಣಯ್ಯಾ. ಬಾಗಿಲು ಹಾಕು, ಗಾಳಿ ಬರ್ತಿದೆ."

"ನೀವೂನಾ ಮೇಷ್ಟ್ರೇ! ಬೆವರು ಸುರಿಸೋಕೆ ನಿಮಗೆ ನನ್ನ ಅಮ್ಮನ ಮಂಚವೇ ಬೇಕಿತ್ತಾ?"

"ಮಂಚ ಎಲ್ಲಿದೆ? ನಾನು ಕೂತಿರೋದು ಬಕೆಟ್ ಮೇಲೆ."

ಗುಮಾಸ್ತ ಕಂಬಳಿಗಳನ್ನು ಬೇಲಿಯಾಚೆ ಎಸೆದ. ಒಂದು ಚರಂಡಿಗೆ ಬಿತ್ತು. ಮೇಷ್ಟ್ರನ್ನು ರಟ್ಟೆ ಹಿಡಿದು ಹೊರಗೆಳೆದ. ಟವೆಲ್ ಬಾಗಿಲ ಮೊಳೆಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಮೂವತ್ತು ವರ್ಷ ಮಕ್ಕಳನ್ನು ಓಡಿಸಿದ ಮೇಷ್ಟ್ರು ಆ ದಿನ ತಾವೇ ಓಡಿದರು. "ಸತ್ರೂ ನಿನ್ನ ಹೊಸ್ತಿಲು ತುಳಿಯಲ್ಲ" ಎಂದು ಟೀಚರಮ್ಮ ಬಾಗಿಲು ಹಾಕಿಕೊಂಡರು. ಅವನನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರು.

ಗುಮಾಸ್ತ ಕಿಂಡಿ ತೆರೆದು, ಗೂಡಿನೆದುರು ಕುರ್ಚಿ ಹಾಕಿ ಕಾವಲು ಕೂತ. ಊಟಕ್ಕೂ ಏಳಲಿಲ್ಲ. ಅಮ್ಮ ಎರಡು ಸಲ ಒಳಗಿನಿಂದ ಕರೆದು ಸುಮ್ಮನಾದಳು. ಸಂಜೆಯ ಹೊತ್ತಿಗೆ ಅವನ ತುಟಿ ಒಡೆದಿತ್ತು.

ಬಡಗಿ ಬಂದ. ಇಬ್ಬರೂ ಸೇರಿ ಕಲ್ಲು ಇಳಿಸಿದರು. ಬಡಗಿ ಮೇಲಿನ ಹಲಗೆಯನ್ನೆತ್ತಿ ಬೆರಳಿನಿಂದ ತಟ್ಟಿದ. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದ. ಕೊನೆಯದರ ತನಕ ಎತ್ತಿದ. ಎಲ್ಲವೂ ಬರಿಗಾಲಿನಲ್ಲಿ ನಡೆದವರ ಹಿಮ್ಮಡಿಯಂತೆ ಉದ್ದಕ್ಕೂ ಸೀಳಿದ್ದವು.

"ಗುಮಾಸ್ತರೇ, ಇದು ಒಣಗಿ ತಿಂಗಳ ಮೇಲಾಗಿದೆ. ಆಮೇಲೆ ನೀವು ಮಾಡಿರೋದು ಒಣಗಿಸೋದಲ್ಲ, ಹುರಿಯೋದು. ಒಲೆಗೆ ಚೆನ್ನಾಗಿದೆ."

"ತುಂಡಿನ ತೂಕ ನಿಲ್ಲಲೇ ಇಲ್ವಲ್ಲ ಮೇಸ್ತ್ರಿ! ನಾನೇನು ಮಾಡ್ಲಿ!"

ಆಗ ಹಿತ್ತಲ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಒಂದು ಚೊಂಬು. ಕಣ್ಣು ಮಂಜಾದ ಅವಳು ಇವರನ್ನು ಗಮನಿಸದೆ ಗೋಡೆ ಸವರಿಕೊಂಡು ಬಂದು, ಗೂಡಿನ ಬಾಗಿಲಲ್ಲಿ ಬಗ್ಗಿ, ಆ ಒಂದು ಮೊಳದ ತುಂಡಿನ ಮೇಲೆ ನಿಧಾನವಾಗಿ ನೀರು ಸುರಿದು, ಅಂಗೈಯಿಂದ ಸವರಿದಳು.

"ಅಮ್ಮಾ! ಏನು ಮಾಡ್ತಿದೀಯ?"

ಅವಳು ಬೆಚ್ಚಿದಳು. "ಅಯ್ಯೋ, ನೀನು ಇನ್ನೂ ಇಲ್ಲೇ ಇದ್ದೀಯಾ?" ಸ್ವಲ್ಪ ಹೊತ್ತು ಚೊಂಬನ್ನೇ ತಿರುಗಿಸಿದಳು. "ನಿಮ್ಮಪ್ಪ ಹೋಗೋವಾಗ ಹೇಳಿದ್ರು ಕಣೋ, ಸಂಜೆ ಮರಕ್ಕೆ ಒಂದು ಚೊಂಬು ನೀರು ತಪ್ಪಿಸ್ಬೇಡ ಅಂತ. ಮರ ಬಿದ್ದೋಯ್ತು. ಮಾತು ಬೀಳಲಿಲ್ವಲ್ಲ. ಎಲ್ಲಿಗೆ ಹಾಕ್ಲಿ? ಇದೊಂದೇ ಕೈಗೆ ಸಿಗೋ ಹಾಗಿತ್ತು."

ಗೂಡಿನೊಳಗೆ ಫ್ಯಾನು ತಿರುಗುತ್ತಲೇ ಇತ್ತು.

ಬಡಗಿ ತುಂಡನ್ನೆತ್ತಿ ನಾಲ್ಕೂ ಬದಿ ನೋಡಿದ. ತನ್ನ ಕಸುಬಿನ ನ್ಯಾಯ ಅವನು ಬಿಡುವಂತಿರಲಿಲ್ಲ. "ಇದೊಂದರಲ್ಲಿ ಸೀಳಿಲ್ಲ. ಒಳ್ಳೇ ಮಣೆ ಆಗುತ್ತೆ. ಆದ್ರೆ ಹಸಿ ಇದೆ. ಒಣಗಿಸಿ ಇಟ್ಟಿರಿ, ಮುಂದಿನ ವರ್ಷ ಬರ್ತೀನಿ." ಚೀಲ ಹೆಗಲಿಗೇರಿಸಿ ಹೊರಟ.

ಗುಮಾಸ್ತ ತುಂಡನ್ನು ಮತ್ತೆ ಬಾಗಿಲ ಬಳಿ ಇಟ್ಟ. ಅಮ್ಮ ಖಾಲಿ ಚೊಂಬನ್ನು ಎದೆಗವುಚಿಕೊಂಡು ನಿಂತೇ ಇದ್ದಳು.

"ಹಾಗಾದ್ರೆ ನಾಳೆಯಿಂದ ನೀರು ಹಾಕ್ಬಾರ್ದಾ?"

ಒಡೆದ ತುಟಿಯನ್ನು ಅವನು ನಾಲಿಗೆಯಿಂದ ಒದ್ದೆ ಮಾಡಿಕೊಂಡ.

"ಹಾಕಮ್ಮ," ಎಂದ.