ಮುಚ್ಚಿಕೊಳ್ಳದ ಬೋಲ್ಟು

ಎದುರುಮನೆಯ ದರ್ಜಿಯ ಹೊಲಿಗೆ ಯಂತ್ರ ಬೆಳಗಾಯಿತೆಂದರೆ ಟಕಟಕ ಎನ್ನತೊಡಗುತ್ತಿತ್ತು. ಆ ದಿನ ಟಕಟಕದ ನಡುವೆ ಸಣ್ಣದೊಂದು ಕಿರಕಿರ ಸೇರಿಕೊಂಡಿತ್ತು. ಮೆಕ್ಯಾನಿಕ್ಕರು ಮಲಗಿದ್ದಲ್ಲಿಂದಲೇ, ಕಣ್ಣು ಕೂಡ ತೆರೆಯದೆ, ಶಟಲ್ಲಿಗೆ ಎಣ್ಣೆ ಬೇಕು ಎಂದು ತೀರ್ಪು ಕೊಟ್ಟರು. (ಕೇಳಿಸಿಕೊಂಡದ್ದು ತಲೆದಿಂಬು ಮಾತ್ರ.) ಊರಿನ ಹೊಲಿಗೆ ಯಂತ್ರಗಳೆಲ್ಲ ಅವರ ಕೈಯಲ್ಲಿ ಪುನರ್ಜನ್ಮ ಪಡೆದಂಥವೇ. ಮಾತು ಕೇಳದೆ ಉಳಿದದ್ದು ಅವರ ಸ್ವಂತ ಮನೆಯ ಒಂದು ಯಂತ್ರ.

ಅದು ತೀರಿಕೊಂಡ ಅಪ್ಪನ ರೈಫಲ್ಲು. ಹಳೆಯ ಕಾಲದ್ದು. ಪ್ರತಿ ಗುಂಡಿಗೂ ನಳಿಕೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಬಾಗಿಲ ಚಿಲಕದ ಹಾಗೆ ಹಿಡಿಯನ್ನು ಕೆಳಕ್ಕೆ ತಿರುಗಿಸಬೇಕು. ಶೂಟಿಂಗ್ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆದು ಹೆಸರು ಮಾಡಿದ್ದ ಅಪ್ಪ ಒಂದೇ ತೆರನ ಎರಡು ರೈಫಲ್ಲು ಇಟ್ಟುಕೊಂಡಿದ್ದರು. ಅಪಾಯವಾಗದಿರಲೆಂದು ರೈಫಲ್ಲುಗಳು ಬೀರುವಿನಲ್ಲಿ, ಅವುಗಳ ಬೋಲ್ಟುಗಳು ಅಡುಗೆಮನೆಯ ಅಟ್ಟದ ಡಬ್ಬಿಯಲ್ಲಿ. ಅವರು ಹೋದ ಮೇಲೆ ಗಂಡುಮಕ್ಕಳಿಬ್ಬರಿಗೂ ಒಂದೊಂದು ಬಂತು. ಯಾವುದು ಯಾರಿಗೆ ಎಂಬ ಮಾತು ಬೆಳೆದು ಅಣ್ಣತಮ್ಮಂದಿರ ನಡುವಿನ ಮಾತೇ ನಿಂತಿತು.

ಭಾನುವಾರ ಕ್ಲಬ್ಬಿನಲ್ಲಿ ಸ್ಪರ್ಧೆ. ತಮ್ಮನೂ ಬರುವವನೇ. ಬಲ್ಬು ಬದಲಾಯಿಸಲೂ ಆಳು ಕರೆಸುವ ಆ ಮಹಾನುಭಾವನ ಎದುರು ಮೆಕ್ಯಾನಿಕ್ಕರು ಕೈಕಟ್ಟಿ ಕೂರುವುದುಂಟೇ? ಆದರೆ ಅವರ ಬೋಲ್ಟಿನ ಹಿಡಿ ಕೊನೆಯ ಒಂದು ಬೆರಳಿನಷ್ಟು ಕೆಳಗಿಳಿಯದೆ ಸತ್ಯಾಗ್ರಹ ಹೂಡಿತ್ತು. ಬಂದೂಕು ರಿಪೇರಿಯವನಿಗೆ ತೋರಿಸಬಾರದೇ ಎಂದು ಹೆಂಡತಿ ಕೇಳಿದ್ದಕ್ಕೆ ಅವರು ಒಂದು ಹೊತ್ತಿನ ಊಟವನ್ನೇ ಬಿಟ್ಟಿದ್ದರು. ಅಷ್ಟು ನೊಂದಿದ್ದರು.

ಎಣ್ಣೆ ಹಾಕಿದರು. ಸ್ಪ್ರಿಂಗು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿದರು. ಮಗುವನ್ನು ಪುಸಲಾಯಿಸಿದಂತೆ ಪುಸಲಾಯಿಸಿದರು. ಆ ಬೆಳಿಗ್ಗೆ ಕೊನೆಗೂ ಅರ ತೆಗೆದು, ಬೋಲ್ಟಿನ ಮೂತಿಯ ಬಳಿ ಕಿವಿಗಳಂತೆ ಚಾಚಿದ್ದ, ಬೋಲ್ಟನ್ನು ಬಿಗಿಯಾಗಿ ಕಚ್ಚಿ ನಿಲ್ಲಿಸುವ ಉಬ್ಬುಗಳನ್ನು ಉಜ್ಜಲು ಕುಳಿತರು. ಉಜ್ಜುವುದು, ತೂರಿಸಿ ನೋಡುವುದು, ಮತ್ತೆ ಉಜ್ಜುವುದು. ಮಧ್ಯಾಹ್ನದ ಹೊತ್ತಿಗೆ ಹಿಡಿ ಮೆಲ್ಲನೆ ಕೆಳಗಿಳಿದು ಕೂತಿತು. ಅತ್ತು ಅತ್ತು ಮಗು ನಿದ್ದೆಹೋದ ಕೋಣೆಯಲ್ಲಿರುವಂಥ ಶಾಂತಿ ಆ ಕೋಣೆಯಲ್ಲಿ ಹರಡಿತು.

ಈ ವಿಜಯೋತ್ಸವಕ್ಕೆ ಹೆಂಡತಿಯನ್ನು ಕರೆಸಲಾಯಿತು. ಆಕೆ ಮೊದಲು ಮೇಜಿನ ಮೇಲಿದ್ದ ಕಬ್ಬಿಣದ ಪುಡಿ ಒರೆಸಿದರು. ಅದೇ ಕೈಯಲ್ಲಿ ಬೋಲ್ಟನ್ನೂ ಒರೆಸಿ, ಬಗ್ಗಿ ಹತ್ತಿರದಿಂದ ನೋಡಿದರು.

"ರೀ, ಇದರ ಮೇಲಿನ ನಂಬರೇ ಬೇರೆ, ರೈಫಲ್ ಮೇಲಿರೋ ನಂಬರೇ ಬೇರೆ ಇದೆಯಲ್ಲ."

ಮೆಕ್ಯಾನಿಕ್ಕರು ಕನ್ನಡಕ ಏರಿಸಿದರು, ಇಳಿಸಿದರು, ಒರೆಸಿ ಮತ್ತೆ ಏರಿಸಿದರು. ನಂಬರು ಬದಲಾಗಲಿಲ್ಲ.

"ನೋಡಿದ್ಯಾ ಅವನ ಬುದ್ಧೀನ? ನನ್ನ ಬೋಲ್ಟು ತಾನಿಟ್ಕೊಂಡು ಅವನದ್ದು ನನಗೆ ಅಂಟಿಸಿದಾನೆ."

"ಡಬ್ಬಿಯಿಂದ ತೆಗೆದು ಹಂಚಿದೋರು ನೀವು. ಅವರು ಅವತ್ತು ಕುರ್ಚಿ ಬಿಟ್ಟು ಎದ್ದೂ ಇರ್ಲಿಲ್ಲ."

ಡಬ್ಬಿಯೊಳಗೇ ಅದಲುಬದಲಾಗಿರಬೇಕು ಎಂದು ಮೆಕ್ಯಾನಿಕ್ಕರು ಡಬ್ಬಿಯ ಮೇಲೆ ತಪ್ಪು ಹೊರಿಸಿದರು. ಹೆಂಡತಿ ಬಟ್ಟೆ ಮಡಚುತ್ತ, ಹಾಗಾದರೆ ಬೆಳಗಿನಿಂದ ಉಜ್ಜಿದ್ದು ಯಾರದ್ದು ಎಂದು ಸುಮ್ಮನೆ ಕೇಳಿದರು. ಮೆಕ್ಯಾನಿಕ್ಕರು ತಮ್ಮ ಬೆರಳಿಗಂಟಿದ್ದ ಪುಡಿಯನ್ನು ನೋಡಿಕೊಂಡರು. ಅದಷ್ಟೂ ತಮ್ಮನ ಆಸ್ತಿ.

ಉಜ್ಜಿದ ಬೋಲ್ಟನ್ನು ಜೇಬಿಗಿಳಿಸಿ ತಮ್ಮನ ಮನೆಗೆ ಎರಡು ಬೀದಿ ದಾಟುವ ತನಕ, ಬಾಗಿಲಲ್ಲೇ ಕೊಟ್ಟು ಬಾಗಿಲಲ್ಲೇ ಇಸಿದುಕೊಂಡು ಬರುವ ಭಾಷಣವನ್ನು ಅವರು ಬಾಯಿಪಾಠ ಮಾಡಿದರು. ಬಾಗಿಲು ತೆರೆದ ತಮ್ಮ ಒಳಗೆ ಬಾ ಎಂದುಬಿಟ್ಟ. ಭಾಷಣದಲ್ಲಿ ಅದಕ್ಕೆ ಜಾಗವಿರಲಿಲ್ಲ, ಒಳಗೆ ಹೋದರು. ನಂಬರಿನ ವಿಷಯ ಕೇಳಿ ತಮ್ಮ ನಕ್ಕ. ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಬೋಲ್ಟನ್ನು ತಂದು ಅಣ್ಣನ ಕೈಗಿಟ್ಟ. ಎಣ್ಣೆಯಲ್ಲಿ ಹೊಳೆಯುತ್ತಿತ್ತು, ಒಂದು ಗೀರೂ ಇರಲಿಲ್ಲ.

"ನನ್ನ ರೈಫಲ್ಲಲ್ಲಿ ಇದು ಮೊದಲಿಂದ್ಲೂ ಸಡಿಲ ಇತ್ತು ಅಣ್ಣ. ನೀನೇ ಒಂದಿನ ಬಂದು ನೋಡ್ತೀಯ ಅಂತ ನಾನು ಮುಟ್ಟೋಕೇ ಹೋಗ್ಲಿಲ್ಲ."

ಮೆಕ್ಯಾನಿಕ್ಕರು ಜೇಬಿನಿಂದ ತಾವು ತಂದದ್ದನ್ನು ತೆಗೆದು ಮೇಜಿನ ಮೇಲಿಟ್ಟು, ಕೈಲಿದ್ದುದನ್ನು ಬೆಳಕಿಗೆ ಹಿಡಿದು ತಿರುಗಿಸತೊಡಗಿದರು. ಅಷ್ಟರಲ್ಲಿ ತಮ್ಮ ಉಜ್ಜಿದ ಬೋಲ್ಟನ್ನು ತನ್ನ ರೈಫಲ್ಲಿಗೆ ತೂರಿಸಿಯಾಗಿತ್ತು. ಹಿಡಿ ತಾನಾಗಿಯೇ ಜಾರಿ ಲೊಡಕ್ಕನೆ ಬಿತ್ತು. ಇಂಥದ್ದರಲ್ಲಿ ಗುಂಡು ಹಾಕಿದರೆ ಬೋಲ್ಟೇ ಹಾರಿ ಹೊಡೆದವನ ಮುಖಕ್ಕೆ ಬಂದೀತು ಎಂಬುದು ಅಪ್ಪನ ಮಕ್ಕಳಿಬ್ಬರಿಗೂ ಗೊತ್ತಿತ್ತು.

ಅವರು ಹೊಳೆಯುವ ಬೋಲ್ಟನ್ನು ತಮ್ಮನ ಕಡೆಗೇ ಮೆಲ್ಲನೆ ಸರಿಸಿದರು. ಸಂಜೆ ಮನೆಗೆ ಬಂದು ನನ್ನ ರೈಫಲ್ಲು ತಗೊಂಡು ಹೋಗು, ಭಾನುವಾರ ಅದರಲ್ಲೇ ನೀನು ಹೊಡಿ, ನನಗೆ ಈಚೆಗೆ ಗುರಿ ಮಂಜಾಗಿ ಕಾಣುತ್ತದೆ ಎಂದರು. ತಮ್ಮನಿಗೆ ಹೃದಯ ತುಂಬಿ ಬಂತು. ಅಣ್ಣನ ಔದಾರ್ಯವನ್ನು ಒಳಗಿದ್ದ ತನ್ನ ಹೆಂಡತಿಗೂ ಕೂಗಿ ಹೇಳಿದ. ಆಮೇಲೆ ಲೊಡಲೊಡ ಹಿಡಿಯನ್ನು ಮೇಲೆ ಕೆಳಗೆ ಆಡಿಸುತ್ತ, ಪೂರ್ತಿ ನಂಬಿಕೆಯಿಂದ ಕೇಳಿದ:

"ಇದರದ್ದೇ ನಂಬರು, ಇದರದ್ದೇ ಬೋಲ್ಟು. ಆದ್ರೂ ಯಾಕಣ್ಣ ಹೀಗಾಗಿದೆ? ನಿನಗೆ ನೋಡಿದ ತಕ್ಷಣ ಗೊತ್ತಾಗುತ್ತಲ್ಲ."

"ಅದು ಹೇಗೆ ಅಂದ್ರೆ," ಎಂದರು ಮೆಕ್ಯಾನಿಕ್ಕರು ಚಪ್ಪಲಿಗೆ ಕಾಲು ತೂರಿಸುತ್ತ, ಮೆಟ್ಟಿಲಿಳಿಯುತ್ತ, ಗೇಟು ದಾಟುತ್ತ, "ಹಳೇ ಕಬ್ಬಿಣ ನೋಡು, ಒಳಗಿಂದೊಳಗೇ ಅದು ಒಂಥರಾ..."