ಕೊಸರು ಇಲ್ಲದ ಪೆನ್‌ಡ್ರೈವ್

ಮೇ ಹದಿನೆಂಟು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬರೆಯಲು ಕುಳಿತಿದ್ದೇನೆ.

ಸಿಂದಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನಿಗೆ ಸಾಕ್ಷಾತ್ ದೇವರೇ ಬಂದು ನೂರು ವರ್ಷ ಆಯುಷ್ಯ ಕೊಟ್ಟರೂ ಆತ ಕೇಳುವ ಮೊದಲ ಮಾತು ಯಾವುದು ಗೊತ್ತೇ? “ಕೊಸರು ಎಲ್ಲೈತ್ರೀ?”

ಕೊಸರು ಎಂದರೆ ತೂಗಿ ಕೊಟ್ಟ ಮೇಲೆ ಪ್ರೀತಿಗೆಂದು ಹಾಕುವ ಇನ್ನೊಂದು ಹಿಡಿ. ಮಾಮಾ ತನ್ನ ಗಿರಾಕಿಗಳಿಗೆ ಅದನ್ನು ತಪ್ಪದೆ ಹಾಕುತ್ತಾನೆ. ಜಗತ್ತಿನಿಂದ ತಪ್ಪದೆ ವಸೂಲೂ ಮಾಡುತ್ತಾನೆ. ಇಂಡಿ ಊರಿನ ಸಂತೆಯಲ್ಲಿ ನೂರು ನಿಂಬೆಹಣ್ಣಿಗೆ ಐದು ಕೊಸರು ಪಡೆದು, ಆ ಐದರಲ್ಲಿ ಒಂದು ಸಣ್ಣದಿದೆ ಎಂದು ಅದಕ್ಕೊಂದು ಕೊಸರು ಕೇಳಿದ ಮನುಷ್ಯ! ಒಮ್ಮೆ ನನ್ನನ್ನು ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋದಾಗ, ಊರು ಬಂದರೂ ಸೀಟು ಬಿಟ್ಟು ಏಳಲಿಲ್ಲ.

“ಟಿಕೀಟಿನ ಮ್ಯಾಲ ಕೊಸರು ಅಂತ ಒಂದೀಟು ಮುಂದ ಬಿಡ್ರಿ,” ಎಂದ.

ಕಂಡಕ್ಟರ್ ಶಾಂತವಾಗಿ ಹೇಳಿದರು: “ಬರ್ರಿ ಯಜಮಾನ್ರ. ಮುಂದ ಡಿಪೋ ಐತಿ. ಬಸ್ ತೊಳ್ಯಾಕ ಒಬ್ರು ಬೇಕಾಗ್ಯಾರ.”

ಇಂಥ ಮಾಮಾನ ಕೈಗೆ ಈ ತಿಂಗಳು ಒಂದು ಪೆನ್‌ಡ್ರೈವ್ ಸಿಕ್ಕಿತು.

ಅವನ ಒಬ್ಬಳೇ ಮಗಳು ಸವಿತಾಳ ಮದುವೆಯಾಗಿ, ಅವಳು ಬಸವನ ಬಾಗೇವಾಡಿಯ ಗಂಡನ ಮನೆಗೆ ಹೊರಟಿದ್ದಳು. ಮಗಳ ಜೊತೆ ಬುತ್ತಿ ಕಟ್ಟಿ ಕಳಿಸುವುದು ನಮ್ಮ ಕಡೆಯ ರೂಢಿ. ರೊಟ್ಟಿ, ಶೇಂಗಾ ಹೋಳಿಗೆ ವಾರದಲ್ಲಿ ಮುಗಿಯುತ್ತವೆ, ಮುಗಿಯದ ಬುತ್ತಿ ಬೇಕು ಎಂದು ಮಾಮಾ ತಿಂಗಳುಗಟ್ಟಲೆ ಫೋನು ಹಿಡಿದು ಇಡೀ ಮನೆಯನ್ನು ವಿಡಿಯೋ ಮಾಡಿದ್ದ. ಅತ್ತೆ ರೊಟ್ಟಿ ಬಡಿಯುವ ಸಪ್ಪಳ, ಅಜ್ಜಿಯ ಸೋಬಾನ ಪದ, ಎಮ್ಮೆಯ ಕೂಗು, ಹಿತ್ತಲ ಬಾಗಿಲಿನ ಕಿರುಗುಟ್ಟುವಿಕೆ ಕೂಡ. ಫೋನಿನ ಲೆಕ್ಕದಲ್ಲಿ ಒಟ್ಟು ಅರವತ್ತೊಂದು ಜಿಬಿ. ತಂದ ಪೆನ್‌ಡ್ರೈವ್ ಅರವತ್ತನಾಲ್ಕರದ್ದು. ಮೂರು ಜಿಬಿ ಕೊಸರು!

ಆದರೆ ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದರೆ ಐವತ್ತೊಂಬತ್ತೂವರೆ ಎಂದು ತೋರಿಸಿತು. ಮಾಮಾ ಚಪ್ಪಲಿ ಮೆಟ್ಟಿ ನೇರ ಅದನ್ನು ಕೊಂಡ ಮೊಬೈಲ್ ಅಂಗಡಿಗೆ ನಡೆದ. ಹಿಂದೆ ನಾನು.

“ಕೊಸರು ಹಾಳಾಗಿ ಹೋಗ್ಲಿ, ಅಸಲ ತೂಕಾನೇ ಕಡಿಮಿ ಐತಲ್ಲೋ ತಮ್ಮಾ!”

“ಎಲ್ಲಾ ಕಂಪನೀದೂ ಹಂಗ ಬರ್ತಾವ್ರಿ ಕಾಕಾ,” ಎಂದ ಅಂಗಡಿಯವನು.

“ಎಲ್ಲಾರೂ ಕಲ್ಲು ಬೆರಸಿದ್ರ ಅದಕ್ಕ ಅಕ್ಕಿ ಅಂತಾರೇನು? ಡಬ್ಬಿ ಸಮೇತ ತೂಗೀಯೇನ್ ಮತ್ತ?”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಚಾರ್ಜರ್‌ಗಳನ್ನು ನೋಡಿದೆ.

ಮನೆಯಲ್ಲಿ ಪಂಚಾಯ್ತಿ ಕೂಡಿತು. ಮರುದಿನ ಬೆಳಿಗ್ಗೆ ಸವಿತಾಳ ಪಯಣ. ಐವತ್ತೊಂಬತ್ತರಲ್ಲಿ ಅರವತ್ತೊಂದು ಹಿಡಿಯುವುದು ಹೇಗೆ? ಯಾವುದನ್ನು ಬಿಡುವುದು?

“ಎಮ್ಮಿ ತಗೀರಿ,” ಎಂದಳು ಅತ್ತೆ.

“ಎಮ್ಮಿ ಹ್ಯಾಂಗ ತಗೀಲಿ? ಸವಿತಾ ಸಾಕಿದ್ದದು!”

“ಹಂಗಾರ ನನ್ನ ತಗೀರಿ!”

ಇಲ್ಲಿ ಮಾಮಾ ಒಂದು ತಪ್ಪು ಮಾಡಿದ. ಯೋಚನೆ ಮಾಡಿದ! ಅಂದು ಅವನ ಊಟ ತಡವಾಯಿತೆಂದು ನನ್ನ ದಿನಚರಿಯಲ್ಲಿ ದಾಖಲಾಗಿದೆ.

ಅಷ್ಟರಲ್ಲಿ ನಾನು ಹುಡುಕಿ ಓದಿ ವಿಷಯ ತಿಳಿದುಕೊಂಡಿದ್ದೆ. “ಮಾಮಾ, ಯಾರೂ ಕದ್ದಿಲ್ಲ. ಅಳತಿ ಮಾಪು ಎರಡು ಅದಾವು. ಕಂಪನಿ ಸಾವಿರಕ್ಕ ಒಂದು ಚೀಲ ಕಟ್ಟತೈತಿ. ಕಂಪ್ಯೂಟರ್ ಸಾವಿರದ ಇಪ್ಪತ್ತನಾಲ್ಕಕ್ಕ ಒಂದು. ಆ ಚೀಲಾ ಕೂಡಿಸಿ ಮತ್ತ ದೊಡ್ಡ ಚೀಲಾ ಕಟ್ಟೂವಾಗ್ಲೂ ಹಂಗ. ಮಾಲು ಅಷ್ಟೇ, ಚೀಲಾ ದೊಡ್ಡವಾದ್ರ ಎಣಿಕಿ ಕಡಿಮಿ ಬರ್ತೈತಿ.”

ಮಾಮಾನ ಮುಖ ಅರಳಿತು. “ಅಂದ್ರ ಸಾವಿರಕ್ಕ ಇಪ್ಪತ್ತನಾಲ್ಕು ಕೊಸರು ಹಾಕಿ ಅಳೀತೈತಿ! ಮರ್ಯಾದಸ್ತ ಐತಿ ನಿನ್ನ ಕಂಪ್ಯೂಟರು!”

“ನಿನ್ನ ಫೋನು ಎಣಿಸಿದ್ದೂ ಸಣ್ಣ ಚೀಲದಾಗ. ಇದರ ಲೆಕ್ಕದಾಗ ನಿನ್ನ ಅರವತ್ತೊಂದು ಅಂದ್ರ ಐವತ್ತೇಳು, ಅಷ್ಟ.”

ಎಲ್ಲವೂ ಹಿಡಿಯಿತು. ಎಮ್ಮೆ ಉಳಿಯಿತು, ಅತ್ತೆಯೂ ಉಳಿದಳು. ಇನ್ನೂ ಎರಡೂವರೆ ಜಿಬಿಯಷ್ಟು ಜಾಗ ಖಾಲಿ ಇತ್ತು. “ಅದು ಕೊಸರು. ಹಂಗ ಇರ್ಲಿ,” ಎಂದ ಮಾಮಾ.

ಸವಿತಾ ಒಂದೊಂದೇ ವಿಡಿಯೋ ತೆಗೆದು ನೋಡತೊಡಗಿದಳು. ನಕ್ಕಳು, ಅಜ್ಜಿಯ ಜೊತೆ ಪದ ಗುನುಗಿದಳು. ಆಮೇಲೆ ಮೊದಲಿನಿಂದ ಇನ್ನೊಮ್ಮೆ ತಿರುವಿ ನೋಡಿದಳು.

“ಅಪ್ಪಾ, ಇದರಾಗ ನೀನೇ ಇಲ್ಲಲ್ಲ.”

ಎಲ್ಲಿಂದ ಇರಬೇಕು? ಫೋನು ಹಿಡಿದವನೇ ಅವನು! ನಮಗೆ ಯಾರಿಗೂ ಹೊಳೆದಿರಲಿಲ್ಲ.

“ಕೊಸರಿನ ಜಾಗಾ ಐತಲ್ಲ,” ಎಂದು ಸವಿತಾ ಫೋನು ಎತ್ತಿ ಅವನತ್ತ ಹಿಡಿದಳು. “ಏನರ ಮಾತಾಡು.”

ಕಂಡಕ್ಟರ್ ಜೊತೆ, ಅಂಗಡಿಯವನ ಜೊತೆ, ದೇವರ ಜೊತೆಯೂ ವಾದಿಸಬಲ್ಲ ಮಾಮಾ ಗೋಡೆಗೆ ಒರಗಿ ನಿಂತ. ಟೋಪಿ ಸರಿಪಡಿಸಿಕೊಂಡ. ಕೊನೆಗೆ ಕೇಳಿದ: “ಉಂಡೀಯೇನವ್ವಾ?”

ಅಷ್ಟೇ. ಸವಿತಾ ಬಾಗೇವಾಡಿಯಲ್ಲಿ ದಿನವೂ ಊಟಕ್ಕೆ ಮೊದಲು ಅದೊಂದನ್ನೇ ಹಾಕಿ ನೋಡುತ್ತಾಳಂತೆ. “ಹೂಂ ಅಪ್ಪಾ, ಉಣ್ಣಾಕತ್ತೇನಿ,” ಎಂದು ಉತ್ತರವನ್ನೂ ಕೊಡುತ್ತಾಳಂತೆ.

ನನಗೆ ಮಾತ್ರ ಒಂದು ಸಂಶಯ ಉಳಿದಿದೆ. ಎರಡು ಬೇರೆ ಮಾಪುಗಳನ್ನು ಒಂದೇ ಹೆಸರಿನಿಂದ ಕರೆಯುವುದು ಅಂಗಡಿ, ಫೋನು, ಕಂಪ್ಯೂಟರ್ ಎಲ್ಲಕ್ಕೂ ಹೇಗೆ ಒಪ್ಪಿಗೆಯಾಯಿತು? ತಿಳಿದವರು ದಯವಿಟ್ಟು ಬರೆದು ತಿಳಿಸಿ. ಸ್ವಲ್ಪ ಬೇಗ ತಿಳಿಸಿದರೆ ಉಪಕಾರವಾದೀತು: ಮಗಳ ಮುಂದಿನ ಬುತ್ತಿಗೆಂದು ಮಾಮಾ ಇನ್ನೊಂದು ಪೆನ್‌ಡ್ರೈವ್ ಕೊಳ್ಳಲು ಅದೇ ಅಂಗಡಿಗೆ ಹೊರಟಿದ್ದಾನೆ.