ಶಾಂತಾಳ ಒಂದು ನಿಮಿಷದ ನಡಿಗೆ

ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವನಿಗೆ ನೋಡುವ ಕಣ್ಣು ಇದ್ದೇ ಇರುತ್ತದೆ ಎಂದು ಬೈಲಹೊಂಗಲದ ಜನ ನಂಬಿದ್ದಾರೆ. ಮೊನ್ನೆಯವರೆಗೆ ನಾನೂ ನಂಬಿದ್ದೆ.

ನನ್ನ ಹೆಂಡತಿ ಶಾಂತಾ ಹೋಗಿ ವರ್ಷವಾಗುತ್ತ ಬಂತು. ಫೋಟೊಗಳಿವೆ, ಎಲ್ಲದರಲ್ಲೂ ಯಾರದೋ ಮದುವೆಯ ಸಾಲಿನಲ್ಲಿ ಬಿಗಿದುಕೊಂಡು ನಿಂತಿದ್ದಾಳೆ. ಮೊಬೈಲ್ ಎತ್ತಿದರೆ ಸಾಕು, ನಿಂತುಬಿಡುತ್ತಿದ್ದಳು. ನಡೆದಾಡಿದ ಒಂದು ವಿಡಿಯೊ ಕೂಡ ಇಲ್ಲ. ಪುಣ್ಯಸ್ಮರಣೆಗೆ ಬರುವ ನೆಂಟರ ಮುಂದೆ ಅವಳನ್ನು ನಾನೇ ಚಿತ್ರ ಬರೆದು ನಡೆಸುತ್ತೇನೆಂದು ಹಟ ಹಿಡಿದೆ. ಅಡುಗೆಮನೆಯಿಂದ ಚಹಾ ತಂದು ನನ್ನೆದುರು ಕೂರಬೇಕು, ಅಷ್ಟೇ; ಒಂದು ನಿಮಿಷದ ಕಥೆ. ಚಿತ್ರ ಚಲಿಸಬೇಕಾದರೆ ಸೆಕೆಂಡಿಗೆ ಹನ್ನೆರಡು ಹಾಳೆ ಬರೆಯಬೇಕೆಂದು ತಿಳಿದಾಗ ಹಟದ ಅರ್ಧ ಗಾಳಿ ಹೋಯಿತು. ಆದರೂ ಪೆನ್ಸಿಲಿನಲ್ಲಿ ಬರೆದು, ಒಂದೊಂದನ್ನೂ ಫೋಟೊ ಹೊಡೆದು, ಕಂಪ್ಯೂಟರಿನ ಎಡಿಟಿಂಗ್ ತಂತ್ರಾಂಶದಲ್ಲಿ ಸಾಲಾಗಿ ಜೋಡಿಸತೊಡಗಿದೆ. ಹೆಜ್ಜೆಗಳು ಕೂಡಿಬರದಿದ್ದಾಗ ನೋಡಿ ಬರೆಯಲು ವಿಡಿಯೊ ಬೇಕೆಂದು ಮೊಬೈಲನ್ನು ಕಿಟಕಿಗೆ ಆನಿಸಿಟ್ಟು, ನಾನೇ ಚಹಾದ ಕಪ್-ಬಸಿ ಹಿಡಿದು ಪಡಸಾಲೆಯಲ್ಲಿ ನಡೆದೆ. ಎದುರುಮನೆಯವರು ತಮ್ಮ ಕಿಟಕಿ ಮುಚ್ಚಿಕೊಂಡರು.

ಹೂಲಿಯಿಂದ ಬಂದಿದ್ದ ಶಾಂತಾಳ ತಂಗಿ ಗಂಗಾ, ಜೋಡಿಸಿದಷ್ಟನ್ನು ಹತ್ತು ಸೆಕೆಂಡು ನೋಡಿದಳು. "ಮಾಮಾರ, ಸೀರಿ ಅಕ್ಕಂದ ಐತ್ರಿ. ನಡಿಯಾಕ ಹತ್ತಿದವ್ರು ಮಾತ್ರ ನೀವು."

ನನಗೆ ನಗು ಬಂತು. ಆಮೇಲೆ ಆ ಹತ್ತು ಸೆಕೆಂಡನ್ನು ಮತ್ತೊಮ್ಮೆ ಓಡಿಸಿ ನೋಡಿದೆ. "ಹಂಗಾರ ಆಕಿ ಹೆಂಗ ನಡೀತಿದ್ಳು?" ಎಂದೆ.

ಗಂಗಾ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅಡುಗೆಮನೆಯಿಂದ ಬಲಗಾಲು ತುಸು ಎಳೆಯುತ್ತ ನಾಲ್ಕು ಹೆಜ್ಜೆ ಬಂದು, ಗಕ್ಕನೆ ನಿಂತು, ಹಿಂದಿರುಗಿದಳು. ಮತ್ತೆ ಬಂದಳು, ಮತ್ತೆ ಹಿಂದಿರುಗಿದಳು.

"ಯಾಕ ಹೊಳ್ಳಿ ಹೋಗಾಕ ಹತ್ತಿ?"

"ನೀವು ಕಳಸ್ತಿದ್ರಲ್ರಿ. ಚಾ ತರೂದ್ರಾಗ ನೀರು, ನೀರು ತರೂದ್ರಾಗ ಚಷ್ಮಾ. ಮೊಣಕಾಲು ಬ್ಯಾನಿ ಅಂತಿದ್ಳು. ನಿಮಗ ಹೇಳಿದ್ದಿಲ್ಲೇನ್ರಿ?"

ಹೇಳಿದ್ದಳು. ನಾನು ಪೇಪರ್ ಓದುತ್ತಿದ್ದೆ.

ಹಳೆಯ ಹಾಳೆಗಳನ್ನು ಕಟ್ಟಿಟ್ಟು ಮೊದಲಿನಿಂದ ಬರೆದೆ. ಆ ಕಾಲೆಳೆತ ಒಂದಕ್ಕೇ ಒಂಬತ್ತು ಚಿತ್ರ ಬೇಕಾದವು. ಅಷ್ಟು ಹೊತ್ತು ಅವಳ ಕಾಲನ್ನು ನಾನು ಎಂದೂ ನೋಡಿದವನಲ್ಲ. ಕೊನೆಗೆ ಅವಳು ನನ್ನೆದುರು ಕೂರುವ ಚಿತ್ರವಷ್ಟೇ ಬಾಕಿ ಉಳಿಯಿತು. ಅದೂ ನೆನಪಾಗದೆ ಗಂಗಾಳಿಗೆ ಫೋನ್ ಮಾಡಿದೆ. ಆಕೆ, "ನಿಮ್ಮ ಮುಂದ ಅಕ್ಕ ಕುಂತಿದ್ದು ನಾ ನೋಡೇ ಇಲ್ರಿ ಮಾಮಾರ" ಎಂದಳು.

ಹಾಗಾಗಿ ಚಿತ್ರದಲ್ಲಿ ಶಾಂತಾ ನಿಮಿಷವಿಡೀ ಬರುತ್ತಾಳೆ, ಹೋಗುತ್ತಾಳೆ. ಕುರ್ಚಿಯಲ್ಲಿರುವ ಗಂಡನನ್ನು ಬರೆಯುವುದು ಮಾತ್ರ ಸುಲಭವಾಯಿತು. ಅವನಿಗೆ ಒಂದೇ ಚಿತ್ರ ಸಾಕಾಯಿತು. ಕಂಪ್ಯೂಟರಿನಲ್ಲಿ ಅದರ ತುದಿಯನ್ನು ಮೌಸಿನಲ್ಲಿ ಹಿಡಿದು ನಿಮಿಷದ ಕೊನೆಯವರೆಗೂ ಎಳೆದುಬಿಟ್ಟೆ.